ರೆಕ್ಕೆ ತಿರುಗಿಸೋದು ಯಾರು?

ಹೋದ ತಿಂಗಳು ನಮ್ಮ ಸ್ಯಾನ್ ರಮೋನ್ ಬೀದಿಯಲ್ಲಿ ಗರಾಜ್ ಸೇಲ್ ಇತ್ತು. ಹಳೇ ಸೈಕಲ್ಲು, ಟೆಂಟುಗಳ ಮಧ್ಯೆ ಕಬ್ಬಿಣದ ಕೋಲಿನ ಮೇಲೆ ಒಂದು ಪ್ಲಾಸ್ಟಿಕ್ ಬಾತುಕೋಳಿ ನಿಂತಿತ್ತು. ಹೊಟ್ಟೆಯೊಳಗೆ 6 ವೋಲ್ಟಿನ ಬ್ಯಾಟರಿ, ಪುಟ್ಟ ಮೋಟಾರು. ಸ್ವಿಚ್ ಒತ್ತಿದರೆ ರೆಕ್ಕೆಗಳು ಗಿರಗಿರ ತಿರುಗುತ್ತಿದ್ದವು. ಬೇಟೆಗಾರರ ಡಿಕಾಯ್ ಅದು. "ಅಪ್ಪ, ಡಿಕಾಯ್‌ಗೆ ಕನ್ನಡದಲ್ಲಿ ಏನಂತಾರೆ?" ಅಂದಳು ಮಗಳು. ನನಗೆ ಹೊಳೀಲಿಲ್ಲ. ಮನೆಗೆ ಬಂದು ಹುಡುಕಿದೆ.

ನಮ್ಮಲ್ಲಿ ಪದ ಇದೆ: ದೀವ. ಬೇರೆ ಮೃಗಗಳನ್ನು ಸೆಳೆಯಲು ಪಳಗಿಸಿ ಇಟ್ಟುಕೊಂಡ ಜಿಂಕೆಯೋ ಹಕ್ಕಿಯೋ ಹಳಗನ್ನಡದಲ್ಲಿ ದೀವ. ಈಗಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲೂ ಇಂಥ ಜಿಂಕೆಯನ್ನು ಮುಂದೆ ಬಿಟ್ಟು ಬೇಟೆಯಾಡುವ ವಿವರ ಇದೆ. ತನ್ನ ಜಾತಿಯದ್ದೇ ಒಂದು ನೆಮ್ಮದಿಯಾಗಿ ಮೇಯುತ್ತಿದ್ದರೆ ಕಾಡಿನ ಜಿಂಕೆಗೂ ಧೈರ್ಯ ಬರುತ್ತೆ.

ಈಗ ನಮ್ಮ ಬೇ ಏರಿಯಾಗೆ ಬನ್ನಿ. ಫ್ರೀಮಾಂಟ್‌ನ ಕಾಯೋಟಿ ಹಿಲ್ಸ್ ಪಾರ್ಕಿಗೆ ಮಕ್ಕಳನ್ನು ಕರ್ಕೊಂಡು ಹೋಗಿರ್ತೀರಿ. ಅಲ್ಲಿನ ಮೂಲನಿವಾಸಿ ಓಲೋನಿ ಜನ ಟೂಲಿ ಎಂಬ ಜೊಂಡುಹುಲ್ಲಿನಿಂದ ಬಾತುಕೋಳಿ ಕಟ್ಟಿ ನೀರಿನಲ್ಲಿ ತೇಲಿಬಿಡುತ್ತಿದ್ದರು. ಪಕ್ಕದ ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಇಂಥವೇ 11 ಸಿಕ್ಕವು. ಸುಮಾರು 2000 ವರ್ಷ ಹಳೆಯವು.

ಹುಲ್ಲಿನ ಬಾತಿಗೂ ಬ್ಯಾಟರಿ ಬಾತಿಗೂ ನಡುವೆ ಒಂದು ಕ್ರೂರ ಅಧ್ಯಾಯ ಇದೆ. 19ನೇ ಶತಮಾನದಲ್ಲಿ ಪೂರ್ವ ಅಮೆರಿಕದಲ್ಲಿ ಪ್ಯಾಸೆಂಜರ್ ಪಿಜನ್ ಎಂಬ ಪಾರಿವಾಳಗಳನ್ನು ಬಲೆಗೆ ಕೆಡವುತ್ತಿದ್ದ ಕ್ರಮ ನೋಡಿ. ಒಂದು ಜೀವಂತ ಪಾರಿವಾಳದ ಕಣ್ಣುರೆಪ್ಪೆ ಹೊಲಿದು, ಕಾಲನ್ನು ಪುಟ್ಟ ಪೀಠಕ್ಕೆ ಕಟ್ಟುತ್ತಿದ್ದರು. ದಾರ ಎಳೆದು ಪೀಠ ಎತ್ತಿ ಇಳಿಸಿದಾಗ ಅದು ಗಾಬರಿಯಿಂದ ರೆಕ್ಕೆ ಬಡಿಯೋದು. ಕೆಳಗೆ ಒಂದು ಹಕ್ಕಿ ಇಳಿಯುತ್ತಿದೆ, ಮೇವು ಇರಬೇಕು ಅಂತ ಮೇಲಿನ ಹಿಂಡು ಇಳಿಯೋದು. ಕೋಟಿಗಟ್ಟಲೆ ಇದ್ದ ಆ ಪಾರಿವಾಳಗಳಲ್ಲಿ ಕೊನೆಯದು, ಮಾರ್ಥಾ, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಕಾಡು ಕಡಿದಿದ್ದು, ರೈಲು, ಟೆಲಿಗ್ರಾಫ್, ಎಲ್ಲವೂ ಸೇರಿ ಅವನ್ನು ಮುಗಿಸಿದವು. ದೀವ ಅದರಲ್ಲಿ ಒಂದು ಕೈ ಅಷ್ಟೆ.

ಕ್ಯಾಲಿಫೋರ್ನಿಯಾ ಅದೇ ದಾರಿ ಹಿಡಿಯೋದರಲ್ಲಿತ್ತು. ಮೌಂಟ್ ಡಯಾಬ್ಲೋ ಸುತ್ತ ಓಕ್ ಮರಗಳ ಕಾಯಿ ತಿನ್ನಲು ಬರುವ ದೊಡ್ಡ ಬೂದು ಪಾರಿವಾಳ ನೋಡಿದ್ದೀರಾ? ಅದು ಬ್ಯಾಂಡ್-ಟೇಲ್ಡ್ ಪಿಜನ್. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತೆ. 1911-12ರ ಚಳಿಗಾಲದಲ್ಲಿ ಸಾಂಟಾ ಬಾರ್ಬರಾ ಕಡೆ ಸೇರಿದ್ದ ಹಿಂಡುಗಳನ್ನು ಹೊಡೆದು ನಗರದ ಹೋಟೆಲುಗಳಿಗೆ ಸಾಗಿಸಿದರು. ಜನ ಗಾಬರಿಯಾದರು. 1913ರಲ್ಲಿ ಬೇಟೆ ನಿಂತಿತು. ಮತ್ತೆ ಶುರುವಾಗಿದ್ದು 1932ರಲ್ಲಿ. ಈಗ ಬೇಟೆಗೆ ವರ್ಷಕ್ಕೆ 9 ದಿನ, ಒಬ್ಬರಿಗೆ ದಿನಕ್ಕೆ 2 ಹಕ್ಕಿ. ಬಾತುಕೋಳಿಗೆ ಜೀವಂತ ದೀವ ಬಳಸೋದನ್ನು ಕೇಂದ್ರ ಸರ್ಕಾರ 1935ರಲ್ಲಿ ನಿಷೇಧಿಸಿತು.

ಆಮೇಲೆ ಬಂತು ಮೋಟಾರು. 1990ರ ದಶಕದ ಕೊನೆಗೆ ನಮ್ಮದೇ ರಾಜ್ಯದ ಕಣಿವೆಗಳಲ್ಲಿ ತಿರುಗುವ ರೆಕ್ಕೆಯ ಬಾತು ಜನಪ್ರಿಯವಾಯಿತು. ರೆಕ್ಕೆಯ ಒಂದು ಮಗ್ಗುಲು ಕಪ್ಪು, ಇನ್ನೊಂದು ಬಿಳಿ, ತಿರುಗಿದರೆ ಮಿನುಗು. ದೂರದಿಂದ ಇಳಿಯುತ್ತಿರುವ ಹಕ್ಕಿಯ ಹಾಗೇ ಕಾಣುತ್ತೆ. ಇಂಗ್ಲೆಂಡಿನ ಹೊಲಗಳಲ್ಲಿ ಪಾರಿವಾಳದ ಬೇಟೆಗೂ ಇದೇ ಉಪಾಯ: 12 ವೋಲ್ಟಿನ ಬ್ಯಾಟರಿ, ಮೋಟಾರು, ಎರಡು ಉದ್ದ ಕಂಬಿಗಳ ತುದಿಯಲ್ಲಿ ಸುತ್ತುವ ಪಾರಿವಾಳ. ಪೀಠಕ್ಕೆ ಕಟ್ಟಿದ ಹಕ್ಕಿಯ ಕೆಲಸವನ್ನೇ ಈಗ ಬ್ಯಾಟರಿ ಮಾಡುತ್ತೆ. ಒಂದು ಜೀವದ ಹಿಂಸೆ ತಪ್ಪಿತು, ನಿಜ. ಆದರೆ ಇಳಿದು ಬರೋ ಹಿಂಡಿಗೆ?

ಡೇಟಾ ನನ್ನ ಹೊಟ್ಟೆಪಾಡು, ಹಾಗಾಗಿ ಲೆಕ್ಕ ಕೇಳಿ. 2002ರಲ್ಲಿ ಮಿನ್ನೆಸೋಟಾದಲ್ಲಿ ಸಂಶೋಧಕರು ಒಂದೇ ಬೇಟೆಯಲ್ಲಿ ಸ್ವಿಚ್ ಒಮ್ಮೆ ಆನ್, ಒಮ್ಮೆ ಆಫ್ ಮಾಡಿ ಹೋಲಿಸಿದರು. ಅದೇ ಜಾಗ, ಅದೇ ಜನ, ಬದಲಾಗಿದ್ದು ಸ್ವಿಚ್ ಮಾತ್ರ. ಆನ್ ಇದ್ದಾಗ ಒಬ್ಬ ಬೇಟೆಗಾರ ಗಂಟೆಗೆ ಕೊಂದ ಮ್ಯಾಲಾರ್ಡ್ ಬಾತುಗಳು 4.71 ಪಟ್ಟು ಹೆಚ್ಚು.

ಕ್ಯಾಲಿಫೋರ್ನಿಯಾದ ಕಾನೂನು ಇಲ್ಲಿ ಒಂದು ಗೆರೆ ಎಳೆದಿದೆ. ಬಾತುಬೇಟೆಯ ಸೀಸನ್ ಶುರುವಾದಾಗಿನಿಂದ ನವೆಂಬರ್ 30ರವರೆಗೆ ಬ್ಯಾಟರಿಯಿಂದ ರೆಕ್ಕೆ ತಿರುಗಿಸುವಂತಿಲ್ಲ. ಸಹಜ ಗಾಳಿಗೆ ತಿರುಗಿದರೆ ಅಡ್ಡಿಯಿಲ್ಲ. ಮೊದಲು ಓದಿದಾಗ ನನಗೆ ನಗು ಬಂತು. ಬಾತುಕೋಳಿಗೆ ಅದೆಲ್ಲಿ ಗೊತ್ತಾಗುತ್ತೆ ವ್ಯತ್ಯಾಸ? ಆದರೆ ಗಾಳಿ ನಾವು ಹೇಳಿದಾಗ ಬೀಸಲ್ಲ, ಒಮ್ಮೊಮ್ಮೆ ಬೆಳಗ್ಗೆಯಿಡೀ ಸುಮ್ಮನಿರುತ್ತೆ. ಆ ಹೊತ್ತಿನಲ್ಲಿ ಹಕ್ಕಿಗೂ ಒಂದು ಅವಕಾಶ ಸಿಗುತ್ತೆ. ಬ್ಯಾಟರಿ ಅದನ್ನೇ ಕಿತ್ತುಕೊಳ್ಳೋದು.

ಮಗಳಿಗೆ ‘ದೀವ’ ಹೇಳಿಕೊಟ್ಟೆ. ಈಗ ಅವಳು ಫೋನಿನ ಜಾಹೀರಾತು ನೋಡಿದಾಗಲೆಲ್ಲ "ಅಪ್ಪ, ದೀವ!" ಅಂತಾಳೆ. ನನ್ನ ಕೆಲಸವೂ ಹೆಚ್ಚುಕಮ್ಮಿ ಅದೇ ಅಂತ ಅವಳಿಗಿನ್ನೂ ಹೇಳಿಲ್ಲ.