ಕೋವಿಯ ಲೆಕ್ಕ, ಹಕ್ಕಿಯ ಲೆಕ್ಕ

ಗುಜರಾತಿನಲ್ಲಿ ಬಾತುಕೋಳಿ ಬೇಟೆಗೆ ಒಂದು ಚರಿತ್ರೆ ಇದೆ ಅಂತ ಹೇಳಿದರೆ ನಮ್ಮ ಗದಗಿನ ಸ್ನೇಹಿತರು ನಗುತ್ತಾರೆ. "ಏನ್ರೀ, ಉಳ್ಳಾಗಡ್ಡಿ ಸೈತ ಮುಟ್ಟದ ಮಂದಿ ನಡುವ ಬಂದೂಕು ಎಲ್ಲಿಂದ ಬಂತ್ರೀ?" ಎಂದು ಕೇಳುತ್ತಾರೆ. ಅವರು ನಗುವುದರಲ್ಲಿ ತಪ್ಪೇನಿಲ್ಲ. ಅಹಮದಾಬಾದ್ ಎಂದರೆ ಸಾಬರಮತಿ ಆಶ್ರಮದ ಊರು, ಮುದಿ ದನಗಳಿಗೂ ಗಾಯಗೊಂಡ ಹಕ್ಕಿಗಳಿಗೂ ಆಸರೆಯಾದ ಪಾಂಜರಾಪೋಳಗಳ ಊರು. ಹಳೇ ಪೇಟೆಯ ಪೋಳುಗಳಲ್ಲಿ ಹಕ್ಕಿಗೆ ಕಾಳು ಹಾಕಲಿಕ್ಕೆಂದೇ ಕಂಬದ ಮೇಲೆ ಕಟ್ಟಿದ ಚಬೂತರೋಗಳು ಇವತ್ತಿಗೂ ಇವೆ. ನವರಂಗಪುರದ ನಮ್ಮ ಸೊಸೈಟಿಯಲ್ಲೂ ಬೆಳಗಾದರೆ ಯಾರಾದರೊಬ್ಬ ಹಿರಿಯರು ಪಾರಿವಾಳಗಳಿಗೆ ಜೋಳ ಚೆಲ್ಲುತ್ತಿರುತ್ತಾರೆ. ಆದರೆ ಇದೇ ನವರಂಗಪುರದಿಂದ ಕಾರಿನಲ್ಲಿ ಹೊರಟು ಸಾಣಂದ ದಾಟಿ ಸುಮಾರು ಎರಡು ತಾಸು ಹೋದರೆ ಬೇರೆಯದೇ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ.

ನಾನು 1995ರಲ್ಲಿ ಬ್ಯಾಂಕಿನ ವರ್ಗಾವಣೆ ಆದೇಶ ಹಿಡಿದು ಇಲ್ಲಿಗೆ ಬಂದವನು. ಧಾರವಾಡದಲ್ಲಿ ಎಂ.ಕಾಂ. ಓದಿದವನಿಗೆ ಎಲ್ಲಿ ಹೋದರೂ ಜಮಾ ಎಷ್ಟು, ಖರ್ಚು ಎಷ್ಟು ಎಂಬುದೇ ಮೊದಲು ಕಾಣುವುದು. ಸಾಲದ ತಪಾಸಣೆಗೆಂದು ಸಾಣಂದದ ಆಚೆಯ ಹಳ್ಳಿಗಳಿಗೆ ಹೋಗಬೇಕಾಗುತ್ತಿತ್ತು. ಹಾಗೆ ಪರಿಚಯವಾದದ್ದು ನಳ ಸರೋವರ. ನಿವೃತ್ತಿಯಾದ ಮೇಲೂ ಪ್ರತಿ ಚಳಿಗಾಲ ಒಮ್ಮೆಯಾದರೂ ಹೋಗಿ ಬರುತ್ತೇನೆ.

ಸರೋವರ ಎಂದು ಹೆಸರಿದ್ದರೂ ಇದು ಒಂದು ಲೆಕ್ಕದಲ್ಲಿ ಸಮುದ್ರದ ಬಿಟ್ಟುಹೋದ ಪಾಲು. ದಕ್ಷಿಣದ ಖಂಭಾತ್ ಕೊಲ್ಲಿಗೂ ವಾಯವ್ಯದ ಕಚ್ಛದ ಚಿಕ್ಕ ರಣಕ್ಕೂ ನಡುವೆ ತಗ್ಗಾದ ನೆಲದ ಒಂದು ಪಟ್ಟಿ ಇದೆ. ಒಂದು ಕಾಲಕ್ಕೆ ಇಲ್ಲಿ ಸಮುದ್ರದ ತೋಳು ಚಾಚಿಕೊಂಡಿತ್ತು, ನದಿಗಳು ತಂದ ಹೂಳು ಅದನ್ನು ಮುಚ್ಚಿತು ಎಂಬುದು ಭೂವಿಜ್ಞಾನಿಗಳ ಅಭಿಪ್ರಾಯ. ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ಉಪ್ಪಾಗುವುದು ಅದರದೇ ನೆನಪು. ಕೊಲ್ಲಿಯ ತಲೆಯ ಕಡೆಗೆ ಲೋಥಲ್ ಇದೆ. ಹರಪ್ಪ ಕಾಲದ ಆ ಬಂದರು ಪಟ್ಟಣವನ್ನು 1954ರಲ್ಲಿ ಗುರುತಿಸಿ, ಮುಂದೆ ಹಲವು ವರ್ಷ ಅಗೆಸಿದವರು ನಮ್ಮವರೇ ಆದ ಶಿಕಾರಿಪುರ ರಂಗನಾಥ ರಾವ್, ಅಂದರೆ ಎಸ್.ಆರ್. ರಾವ್. ಅಲ್ಲಿ ಸಿಕ್ಕ ಒಂದು ಮಡಕೆಯ ಮೇಲೆ ಕೊಕ್ಕಿನಲ್ಲಿ ಮೀನು ಕಚ್ಚಿ ಮರದ ಮೇಲೆ ಕೂತ ಹಕ್ಕಿಗಳು, ಕೆಳಗೆ ನರಿಯಂಥ ಒಂದು ಪ್ರಾಣಿ. ಪಂಚತಂತ್ರದ ಕಥೆ ಇದ್ದ ಹಾಗಿದೆ ಎಂದರು ರಾವ್. ಈ ಕೊಲ್ಲಿಯ ದಂಡೆಯಲ್ಲಿ ನೀರಹಕ್ಕಿಯೂ ಮನುಷ್ಯನೂ ಒಟ್ಟಿಗೆ ಬದುಕಿ ನಾಲ್ಕು ಸಾವಿರ ವರ್ಷವಾದರೂ ಆಯಿತು ಎಂಬುದಕ್ಕೆ ಅದೊಂದು ಸಾಕ್ಷಿ.

ನಳ ಸರೋವರದ ಅಭಯಾರಣ್ಯ ಸುಮಾರು 120 ಚದರ ಕಿಲೋಮೀಟರ್. ಅಷ್ಟು ವಿಸ್ತಾರವಿದ್ದರೂ ನೀರು ಬಹಳ ಕಡೆ ಎದೆಮಟ್ಟವೂ ಇಲ್ಲ. ಅದಕ್ಕೇ ಅಂಬಿಗರು ಹುಟ್ಟಿಗಿಂತ ಹೆಚ್ಚಾಗಿ ಗಳ ಊರಿ ದೋಣಿ ನೂಕುತ್ತಾರೆ. ನವೆಂಬರಿನಿಂದ ಫೆಬ್ರವರಿ ತನಕ ಸೂಜಿಬಾಲದ ಬಾತು, ಚಲುಕದ ಬಾತು, ಹೆಬ್ಬಾತು, ರಾಜಹಂಸ, ಹೆಜ್ಜಾರ್ಲೆ ಎಲ್ಲ ಸೇರುತ್ತವೆ. ಮೊದಲ ಸಲ ಬಂದಾಗ ನಮ್ಮ ಮನೆಯವರು ಕಪ್ಪು ಹಕ್ಕಿಗಳ ದೊಡ್ಡ ಹಿಂಡೊಂದನ್ನು ತೋರಿಸಿ, "ಇವು ನಮ್ಮ ಕೆರ್‍ಯಾಗಿನ ನಾಮದ ಕೋಳಿ ಅಲ್ಲೇನ್ರೀ? ಇವೂ ಇಲ್ಲಿಗೇ ವರ್ಗಾ ಆಗ್ಯಾವೇನು?" ಎಂದು ಕೇಳಿದ್ದರು.

ಇನ್ನು ಬೇಟೆಯ ಮಾತು. ಅರಸರಿಗೆ ಇದು ವಿನೋದ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಬರೆದ 'ಮಾನಸೋಲ್ಲಾಸ'ದಲ್ಲೇ ಡೇಗೆ ಬಿಟ್ಟು ಹಕ್ಕಿ ಹಿಡಿಸುವುದು ರಾಜನ ವಿನೋದಗಳಲ್ಲಿ ಒಂದು. ಆ ವಿದ್ಯೆ ಭಾವನಗರದ ಅರಮನೆಯಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತು. ಬ್ರಿಟಿಷರು ಬಂದ ಮೇಲೆ ಡೇಗೆಯ ಜಾಗಕ್ಕೆ ಕೋವಿ ಬಂತು, ಜತೆಗೆ ಲೆಕ್ಕದ ಪುಸ್ತಕವೂ ಬಂತು. ಯಾವ ದಿನ, ಎಷ್ಟು ಕೋವಿ, ಯಾವ ಜಾತಿಯ ಹಕ್ಕಿ ಎಷ್ಟು ಬಿದ್ದವು, ಎಲ್ಲವನ್ನೂ ಬರೆದಿಡುವುದು ಅವರ ಶಿಸ್ತು. 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಎ.ಓ. ಹ್ಯೂಮ್ ಸಾಹೇಬರು ಅದಕ್ಕೂ ಮೊದಲೇ, 1879ರಿಂದ 1881ರೊಳಗೆ, ಮಾರ್ಷಲ್ ಎಂಬುವರ ಜೊತೆ ಸೇರಿ ಭಾರತದ ಬೇಟೆಹಕ್ಕಿಗಳ ಮೇಲೆ ಮೂರು ಸಂಪುಟ ಹೊರತಂದಿದ್ದರು. ಬೇಟೆಗಾರರಿಗೆ ಬರೆದ ಪುಸ್ತಕವೇ ಹಕ್ಕಿಶಾಸ್ತ್ರದ ಪಠ್ಯವೂ ಆಯಿತು.

ಈ ಲೆಕ್ಕ ಎಲ್ಲಿಯವರೆಗೆ ಹೋಯಿತು ಎಂದು ತಿಳಿಯಬೇಕಾದರೆ ಪಕ್ಕದ ರಾಜಸ್ಥಾನದ ಭರತಪುರಕ್ಕೆ ಹೋಗಬೇಕು. ಅಲ್ಲಿ ಬೇಟೆಯ ಲೆಕ್ಕವನ್ನು ಕಲ್ಲಿನಲ್ಲೇ ಕೆತ್ತಿಸಿದ್ದಾರೆ. ವೈಸರಾಯ್ ಲಿನ್‌ಲಿತ್‌ಗೋ ಬಂದಿದ್ದ 1938ರ ನವೆಂಬರ್ 12ರಂದು ಒಂದೇ ದಿನ ಬಿದ್ದ ಹಕ್ಕಿಗಳು 4,273.

ಆಮೇಲೆ ಪುಟ ತಿರುಗಿತು. ವಿಶೇಷವೇನೆಂದರೆ, ಅದನ್ನು ತಿರುಗಿಸಿದವರಲ್ಲಿ ಅರಮನೆಯವರೂ ಇದ್ದರು. ಕಚ್ಛದ ಮಹಾರಾವ್ ವಿಜಯರಾಜರು ಸಲೀಂ ಅಲಿಯವರನ್ನು ಕರೆಸಿ ತಮ್ಮ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿಸಿದರು, 1945ರಲ್ಲಿ ಪುಸ್ತಕ ಬಂತು. ಭಾವನಗರದ ಮಹಾರಾಜರ ತಮ್ಮ ಧರ್ಮಕುಮಾರಸಿಂಹಜಿ 1950ರ ದಶಕದಲ್ಲಿ ಸೌರಾಷ್ಟ್ರದ ಹಕ್ಕಿಗಳ ಮೇಲೆ ದೊಡ್ಡ ಗ್ರಂಥ ಬರೆದರು. ವಾಂಕಾನೇರ್ ರಾಜಮನೆತನದ ಎಂ.ಕೆ. ರಣಜಿತ್‌ಸಿಂಹರು ಐ.ಎ.ಎಸ್. ಅಧಿಕಾರಿಯಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕರಡು ಸಿದ್ಧಮಾಡಿದರು. ಹಕ್ಕಿಯ ಹೆಸರು, ಬರುವ ಕಾಲ, ಕೂರುವ ಜಾಗ ಬೇಟೆಯ ಮನೆಗಳಿಗೆ ಬಾಯಿಪಾಠ. ಆ ತಿಳಿವಳಿಕೆಯೇ ಸಂರಕ್ಷಣೆಗೆ ಬಂಡವಾಳವಾಯಿತು.

ಕಾನೂನು ಮಾತ್ರ ಮೆಲ್ಲಗೆ ಬಂತು. 1951ರಲ್ಲಿ ಮುಂಬಯಿ ರಾಜ್ಯ ಕಾಡುಪ್ರಾಣಿ, ಕಾಡುಹಕ್ಕಿಗಳಿಗಾಗಿ ಒಂದು ಕಾಯ್ದೆ ಮಾಡಿತು. ಆಗ ಅಹಮದಾಬಾದೂ ನಮ್ಮ ಧಾರವಾಡವೂ ಒಂದೇ ಮುಂಬಯಿ ಸರಕಾರದ ಕೆಳಗಿದ್ದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, 1960ರಲ್ಲಿ ಇವರಿಗೆ ಗುಜರಾತ್ ಆಯಿತು. ನಳ ಸರೋವರ ಅಭಯಾರಣ್ಯವಾದದ್ದು 1969ರಲ್ಲಿ. 1972ರ ಕಾಯ್ದೆಯಿಂದ ಬೇಟೆ ಪೂರ್ತಿ ನಿಂತಿತು ಎಂದು ಬಹಳ ಜನ ಹೇಳುವುದುಂಟು. ಹಾಗಲ್ಲ. ಆ ಕಾಯ್ದೆಯಲ್ಲೂ ಸಣ್ಣ ಬೇಟೆಗೆ ಲೈಸೆನ್ಸಿನ ಅವಕಾಶ ಇತ್ತು, ಅದನ್ನು ತೆಗೆದುಹಾಕಿದ್ದು 1991ರ ತಿದ್ದುಪಡಿ. 2012ರಲ್ಲಿ ನಳ ಸರೋವರ ರಾಮ್ಸಾರ್ ಪಟ್ಟಿಗೆ ಸೇರಿತು. ಗುಜರಾತಿನಲ್ಲಿ ಆ ಮನ್ನಣೆ ಪಡೆದ ಮೊದಲ ಜಾಗ ಇದು.

ಅಮೆರಿಕದ ಚೆಸಾಪೀಕ್ ಕೊಲ್ಲಿಯ ಕಥೆ ಇದಕ್ಕಿಂತ ಬೇರೆ. ಅಲ್ಲಿ ಪೇಟೆಗೆ ಮಾರಲೆಂದೇ ದೋಣಿಗೆ ಭಾರೀ ಕೋವಿ ಕಟ್ಟಿ ಒಂದೇ ಹೊಡೆತಕ್ಕೆ ಹತ್ತಾರು ಬಾತುಗಳನ್ನು ಕೆಡವುತ್ತಿದ್ದರು. 1918ರ ವಲಸೆಹಕ್ಕಿ ಕಾಯ್ದೆ ಆ ವ್ಯಾಪಾರಕ್ಕೆ ತಡೆ ಹಾಕಿತು, ಹವ್ಯಾಸದ ಬೇಟೆ ಉಳಿಯಿತು. 1934ರಿಂದ ಅಲ್ಲಿ ಬಾತು ಹೊಡೆಯುವವನು ಪ್ರತಿ ವರ್ಷ ಒಂದು ಸರಕಾರಿ ಸ್ಟಾಂಪು ಕೊಳ್ಳಬೇಕು. ಆ ಹಣ ಜೌಗುನೆಲ ಕೊಂಡು ಕಾಪಾಡಲು ಹೋಗುತ್ತದೆ. ಹೊಡೆಯುವವನೇ ಕಂತು ಕಟ್ಟುವ ವ್ಯವಸ್ಥೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇಡ, ಆದರೆ ಕಂತು ಕಟ್ಟುವವರು ಯಾರು ಎಂಬುದು ಅಲ್ಲಿ ಸ್ಪಷ್ಟ. ನಮ್ಮಲ್ಲಿ ಅದನ್ನು ಕಟ್ಟಿದವರು ಯಾರು?

ನಳದ ದಂಡೆಯಲ್ಲಿ ಪಢಾರ್ ಎಂಬ ಸಮುದಾಯ ಇದೆ. ಗುಜರಾತಿನ ಅತಿ ಹಿಂದುಳಿದ ಬುಡಕಟ್ಟುಗಳಲ್ಲಿ ಸರಕಾರ ಗುರುತಿಸಿದ ಐದರಲ್ಲಿ ಇವರೂ ಒಬ್ಬರು. ಮೀನು, ಜೊಂಡಿನ ಗೆಡ್ಡೆ, ಇವೇ ಇವರ ಹಿಂದಿನ ಬದುಕು. ಇವರ ಕುಣಿತದಲ್ಲಿ ಸೈತ ಹುಟ್ಟು ಹಾಕುವ, ಅಲೆ ಏಳುವ ಹಾವಭಾವ. ನಮ್ಮ ದೋಣಿ ನೂಕುವ ಪಢಾರ್ ಹಿರಿಯರನ್ನು ನಾನು 'ಕಾಕಾ' ಎನ್ನುತ್ತೇನೆ. ಒಂದು ದಿನ ಅವರು ಗಳ ಊರುತ್ತಲೇ ಹೇಳಿದರು: "ಸಾಹೇಬ್, ದೊಡ್ಡವರು ಬಂದಾಗ ನಮ್ಮಜ್ಜ ಜೊಂಡಿನೊಳಗೆ ಹೊಕ್ಕು ಹಕ್ಕಿ ಎಬ್ಬಿಸುತ್ತಿದ್ದರಂತೆ. ಅವರು ನೂರು ಹೊಡೆದರೆ ಶಿಕಾರಿ. ನಾವು ಹಸಿವಿಗೆ ಒಂದು ಹಿಡಿದರೆ ಕೇಸು. ಈಗ ಹಿಡಿಯುವುದಿಲ್ಲ, ತೋರಿಸುತ್ತೇವೆ. ತೋರಿಸಿದರೆ ನಾಲ್ಕು ತಿಂಗಳು ಊಟ. ಉಳಿದ ಎಂಟು ತಿಂಗಳು?"

ನಾನು ಉತ್ತರ ಕೊಡಲಿಲ್ಲ. ಸಾಲದ ಅರ್ಜಿಗಳನ್ನು ನೋಡಿದವನಿಗೆ ಅವರ ಮಾತಿನ ತೂಕ ತಿಳಿಯುತ್ತದೆ. ಹೊಲ ಇಲ್ಲದವನು ಅಡಮಾನಕ್ಕೆ ಏನು ತೋರಿಸಬೇಕು? ಒಂದು ದೋಣಿ, ಒಂದು ಬಲೆ. ಬಲೆ ಎಂದರೆ ಅನುಮಾನ ಬೇರೆ. ಹಾಗಂತ ಕಳ್ಳಬೇಟೆ ಸರಿ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಬಲೆ ಹಾಕಿ ಹಕ್ಕಿ ಮಾರುವವರೂ ಇದ್ದಾರೆ, ಅದನ್ನು ತಡೆಯಲೇಬೇಕು. ನನ್ನ ಮಾತು ಇಷ್ಟೇ: ಹಳೆಯ ಬೇಟೆಪುಸ್ತಕದಲ್ಲಿ ಹಕ್ಕಿ ಎಬ್ಬಿಸಿದವನ ಹೆಸರಿಗೆ ಜಾಗ ಇರಲಿಲ್ಲ, ಹೊಸ ಗಣತಿಯ ಪುಸ್ತಕದಲ್ಲೂ ಅವನಿಗೆ ಪುಟ ಇಲ್ಲ.

ಪುಟ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮತ್ತೆ ಭರತಪುರವೇ ತೋರಿಸಿತು. 1982ರಲ್ಲಿ ಅಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಗಲಾಟೆಯಾಗಿ ಪೊಲೀಸರ ಗೋಲಿಬಾರಿನಲ್ಲಿ ಹಳ್ಳಿಯ ಜನ ಸತ್ತರು. ಮುಂದೆ ಮುಂಬಯಿಯ ಬಿ.ಎನ್.ಎಚ್.ಎಸ್. ಸಂಸ್ಥೆಯ ವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿ ನೋಡಿದರೆ, ಎಮ್ಮೆ ಇಲ್ಲದೆ ನೀರಿನಲ್ಲಿ ಹುಲ್ಲು ಹಬ್ಬಿ ಹಕ್ಕಿಗಳಿಗೇ ಜಾಗ ಇಲ್ಲವಾಗಿತ್ತು. ಎಮ್ಮೆಯನ್ನು ಖರ್ಚಿನ ಬದಿಗೆ ಬರೆದಿದ್ದರು, ಅದು ಇದ್ದದ್ದು ಜಮಾ ಬದಿಯಲ್ಲಿ.

ನಮ್ಮ ಕಡೆ ಬೇರೊಂದು ದಾರಿ ಇದೆ. 1940ರಲ್ಲಿ ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಅರಸರು ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದರು. ಅದು ಅರಮನೆಯ ದಾರಿ. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನದು ಊರಿನ ದಾರಿ. ಹೆಜ್ಜಾರ್ಲೆಗಳು ಅಲ್ಲಿ ಮನೆಯ ಹಿತ್ತಿಲ ಮರದಲ್ಲೇ ಗೂಡು ಕಟ್ಟುತ್ತವೆ, ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರ. 2002ರ ತಿದ್ದುಪಡಿ ವನ್ಯಜೀವಿ ಕಾಯ್ದೆಯಲ್ಲಿ ಸಮುದಾಯ ಮೀಸಲು ಪ್ರದೇಶ ಎಂಬ ಹೊಸ ಕಲಮು ಸೇರಿಸಿತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಆ ಕಲಮಿನ ಕೆಳಗೆ ಬಂತು. ನಳ ಸರೋವರ ದೊಡ್ಡದು, ಎರಡು ಜಿಲ್ಲೆಗೆ ಹರಡಿದ್ದು, ಅದೇ ಮಾದರಿ ಹಾಗೇ ಹೊಂದಲಿಕ್ಕಿಲ್ಲ. ಆದರೂ ಊರಿನವರನ್ನು ಪಾಲುದಾರರೆಂದು ಕಾನೂನಿನಲ್ಲೇ ಬರೆಯಲಿಕ್ಕೆ ಸಾಧ್ಯ ಎಂಬುದು ಅದರಿಂದ ಸಿದ್ಧವಾಗಿದೆ.

ಕನ್ನಡದ ನೆಂಟರು ಅಹಮದಾಬಾದಿಗೆ ಬಂದರೆ ಆಶ್ರಮ, ಅಡಾಲಜ್ ಬಾವಿ ನೋಡಿ, ಲಾ ಗಾರ್ಡನ್ನಿನಲ್ಲಿ ಚನಿಯಾ ಚೋಳಿ ಕೊಂಡು ಹೊರಟುಬಿಡುತ್ತಾರೆ. ಚಳಿಗಾಲದಲ್ಲಿ ಬಂದವರನ್ನು ನಾನು ಒಂದು ದಿನ ಉಳಿಸಿಕೊಳ್ಳುತ್ತೇನೆ. ನಸುಕಿಗೆ ಹೊರಡಿ, ಸ್ವೆಟರ್ ಇರಲಿ, ದೋಣಿಯವರ ಬಾಡಿಗೆಗೆ ಬಹಳ ಚೌಕಾಶಿ ಮಾಡಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಹಕ್ಕಿಯ ಹೆಸರು ಪುಸ್ತಕದಲ್ಲಿ ಸಿಗುತ್ತದೆ. ಅದು ಯಾವ ಜೊಂಡಿನಲ್ಲಿ ರಾತ್ರಿ ಕಳೆಯುತ್ತದೆ, ಈ ವರ್ಷ ಯಾಕೆ ತಡವಾಗಿ ಬಂತು ಎಂಬುದನ್ನು ಗಳ ಹಿಡಿದವರನ್ನೇ ಕೇಳಬೇಕು.