ಅಜ್ಜನ ಕಾಲದ ಬಂದೂಕು: ವಯಸ್ಸೆಷ್ಟು, ಬೆಲೆಯೆಷ್ಟು?

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಹಿರಿಯರ ಸೆಮಿ-ಆಟೋಮ್ಯಾಟಿಕ್ ತೋಟಾ ಬಂದೂಕು ಮನೆಯಲ್ಲಿದ್ದರೆ ಮೊದಲು ಲೈಸೆನ್ಸ್ ನೋಡ್ರಿ. ಲೈಸೆನ್ಸ್‌ದಾರರು ತೀರಿಕೊಂಡಿದ್ದರೆ, 1959ರ ಆಯುಧ ಕಾಯ್ದೆಯಂತೆ ಠಾಣೆಗೆ ಇಲ್ಲವೇ ಅಧಿಕೃತ ಬಂದೂಕು ವ್ಯಾಪಾರಿಗೆ ತಡಮಾಡದೆ ಜಮಾ ಮಾಡಬೇಕು.

ವಯಸ್ಸು: ಜಾನ್ ಬ್ರೌನಿಂಗ್ ರೂಪಿಸಿದ ಆಟೋ-5 ಬೆಲ್ಜಿಯಂನಲ್ಲಿ 1900ರ ದಶಕದ ಆರಂಭದಲ್ಲೇ ತಯಾರಾಯಿತು, ಮಾದರಿ 1990ರ ದಶಕದವರೆಗೂ ಬಂತು. ಹೆಸರೊಂದರಿಂದ ಕಾಲ ತಿಳಿಯದು. ಸೀರಿಯಲ್ ನಂಬರ್, ನಳಿಗೆಯ ಪರೀಕ್ಷಾ ಮುದ್ರೆ ಎರಡೂ ತಾಳೆಯಾಗಬೇಕು.

ಬೆಲೆ: ಮೂಲ ಬಣ್ಣ, ಮೂಲ ಕಟ್ಟಿಗೆ, ಒಳಗೆ ತುಕ್ಕಿಲ್ಲದ ನಳಿಗೆ ಇದ್ದರೆ ಹೆಚ್ಚು. ಉಜ್ಜಿ ಹೊಳಪು ಮಾಡಿದರೆ ಇಳೀತದ. ಹಾರಿಸಿ ಪರೀಕ್ಷಿಸಬ್ಯಾಡ್ರಿ.

ಮಾರಾಟ: ಲೈಸೆನ್ಸ್ ಇಲ್ಲದವರಿಗೆ ಮಾರುವುದು ಅಪರಾಧ. 2019ರ ತಿದ್ದುಪಡಿಯಂತೆ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕು. ಈಗಾಗಲೇ ಎರಡು ಇದ್ದವರು ಕೊಳ್ಳಲಾರರು. ಬೆಲೆ ಕೇಳುವ ಮೊದಲು ಕಾಗದಪತ್ರ ಸರಿಯಿರಲಿ.