ಗುತ್ತಿಯ ಡೆಪ್ಯುಟಿ ಕಲೆಕ್ಟರರ ಚಂದಾ ಲೆಕ್ಕ

ಗುಂತಕಲ್ಲು ಕಡೆ ಓಡಾಡಿದವರೆಲ್ಲ ಗುತ್ತಿಯ ಬೆಟ್ಟವನ್ನೂ ಅದರ ಮೇಲಿನ ಕೋಟೆಯನ್ನೂ ನೋಡಿದ್ದೀರಿ. ನಮ್ಮ ರಾಯದುರ್ಗ ಸೀಮೆಯವರಿಗಂತೂ ಅದು ನೆರೆಮನೆ ಇದ್ದ ಹಾಗೆ. ಆ ಕೋಟೆಯ ಕಥೆ, ಮುರಾರಿರಾಯನ ಕಥೆ ನಿಮಗೆ ಗೊತ್ತು. ಅದೇ ಗುತ್ತಿಯಲ್ಲಿ ನಡೆದ ಇನ್ನೊಂದು ಸಂಗತಿ ಮಾತ್ರ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಇವತ್ತು ಅದನ್ನು ಹೇಳುತ್ತೇನೆ. ಅಲ್ಲಿಂದ ಹೊರಟು, ವಿಶ್ವವಿದ್ಯಾಲಯದ ಲೈಬ್ರರಿಗಳು ಸಂಶೋಧನೆಯ ಪತ್ರಿಕೆಗಳನ್ನು ಹೇಗೆ ತರಿಸುತ್ತವೆ, ಅದಕ್ಕೆ ಹಣ ಯಾರು ಕೊಡುತ್ತಾರೆ ಎಂಬಲ್ಲಿಗೆ ಬರುತ್ತೇನೆ.

ನಾನು ಓದಿದ್ದು ಹತ್ತನೇ ತರಗತಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು. ಲೈಬ್ರರಿಯ ಶಾಸ್ತ್ರ ನನಗೆ ಬಾರದು, ಲೆಕ್ಕ ಬರುತ್ತದೆ. ಈ ಕಥೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲೆಕ್ಕವೇ ಇದೆ.

ಮೊದಲು ಸಂಶೋಧನಾ ಪತ್ರಿಕೆ ಎಂದರೇನು ಎಂದು ತಿಳಿಯೋಣ. ದಿನಪತ್ರಿಕೆಯಲ್ಲಿ ಊರಿನ ಸುದ್ದಿ ಬರುವಂತೆ, ವಿದ್ವಾಂಸರು ಹೊಸದಾಗಿ ಕಂಡುಕೊಂಡ ಸುದ್ದಿ ಇದರಲ್ಲಿ ಬರುತ್ತದೆ. ಇಂಥ ಪತ್ರಿಕೆಗಳು ಮೊದಲು ಹೊರಟಿದ್ದು 1665ರಲ್ಲಿ. ಜನವರಿಯಲ್ಲಿ ಪ್ಯಾರಿಸ್ಸಿನಿಂದ ಒಂದು, ಮಾರ್ಚಿಯಲ್ಲಿ ಲಂಡನ್ನಿನಿಂದ ಇನ್ನೊಂದು. ಲಂಡನ್ನಿನದನ್ನು ಹೊರಡಿಸಿದವರು ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್. ಒಬ್ಬರು ಮಾಡಿ ಮುಗಿಸಿದ್ದನ್ನು ಇನ್ನೊಬ್ಬರು ಗೊತ್ತಿಲ್ಲದೆ ಮತ್ತೆ ಮಾಡಿ ಆಯುಷ್ಯ ಕಳೆಯಬಾರದು. ಪತ್ರಿಕೆಯ ಮುಖ್ಯ ಉಪಯೋಗ ಅದು.

ಈಗ ಗುತ್ತಿಗೆ ಬನ್ನಿ. 1907ರಲ್ಲಿ ಅಲ್ಲಿ ವಿ. ರಾಮಸ್ವಾಮಿ ಅಯ್ಯರ್ ಎಂಬುವರು ಡೆಪ್ಯುಟಿ ಕಲೆಕ್ಟರರಾಗಿದ್ದರು. ಹಗಲೆಲ್ಲ ಕಂದಾಯದ ಕೆಲಸ, ಮನಸ್ಸೆಲ್ಲ ಗಣಿತದ ಮೇಲೆ. ಯುರೋಪಿನ ಗಣಿತ ಪತ್ರಿಕೆಗಳು ನಮ್ಮ ಕಡೆಯ ಕಾಲೇಜುಗಳಲ್ಲಿ ಸಿಗುತ್ತಿರಲಿಲ್ಲ. ಒಬ್ಬರೇ ತರಿಸೋಣವೆಂದರೆ ಸಂಬಳ ಸಾಲದು. ಆಗ ಅವರು ಗಣಿತದ ಆಸಕ್ತಿ ಇದ್ದವರಿಗೆಲ್ಲ ಕಾಗದ ಬರೆದರು. ಎಲ್ಲರೂ ವರ್ಷಕ್ಕೆ 25 ರೂಪಾಯಿ ಹಾಕೋಣ, ಪುಸ್ತಕ ಪತ್ರಿಕೆಗಳನ್ನು ತರಿಸಿ ಅಂಚೆಯಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿ ಓದೋಣ ಎಂಬುದು ಅದರ ತಾತ್ಪರ್ಯ. ಇಪ್ಪತ್ತು ಜನ ಒಪ್ಪಿದರು. 1907ರ ಏಪ್ರಿಲ್ 4ರಂದು ಸಂಘ ಹುಟ್ಟಿತು. ಇವತ್ತಿನ ಭಾರತೀಯ ಗಣಿತ ಸಂಘ ಅದೇ. ಪುಸ್ತಕ ಪತ್ರಿಕೆಗಳನ್ನು ಇಟ್ಟಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಆಗ ಅಲ್ಲಿ ಪ್ರಿನ್ಸಿಪಾಲರಾಗಿದ್ದವರು ಗಣಿತಜ್ಞ ಆರ್. ಪಿ. ಪರಾಂಜಪೆ.

ಇಪ್ಪತ್ತು ಜನ, ತಲಾ 25 ರೂಪಾಯಿ, ಒಟ್ಟು 500 ರೂಪಾಯಿ. ಇಂದು ಚಿಲ್ಲರೆ ಎನಿಸಬಹುದು. ಆಗಿನ ಬೆಲೆ ತಿಳಿಯಬೇಕಾದರೆ ಒಂದು ಮಾತು ಹೇಳುತ್ತೇನೆ. ಐದು ವರ್ಷದ ನಂತರ, 1912ರಲ್ಲಿ, ಮದ್ರಾಸಿನ ಬಂದರು ಕಚೇರಿಯಲ್ಲಿ ಒಬ್ಬ ಹುಡುಗ ಗುಮಾಸ್ತನಾಗಿ ಸೇರಿದ. ತಿಂಗಳ ಸಂಬಳ 30 ರೂಪಾಯಿ. ಆ ಗುಮಾಸ್ತನ ಹೆಸರು ಶ್ರೀನಿವಾಸ ರಾಮಾನುಜನ್.

ರಾಮಾನುಜನ್ ಕೈಗೆ ಸಿಕ್ಕಿದ್ದು ಹಳೆಯ ಗಣಿತ ಪುಸ್ತಕ. ಯುರೋಪಿನಲ್ಲಿ ಆಗ ಏನು ನಡೆದಿದೆ ಎಂಬುದು ಅವರಿಗೆ ತಿಳಿಯುವ ದಾರಿ ಇರಲಿಲ್ಲ. ಹೀಗಾಗಿ ಬೇರೆಯವರು ಆಗಲೇ ಸಾಧಿಸಿ ಅಚ್ಚು ಹಾಕಿಸಿದ್ದ ಎಷ್ಟೋ ಸಂಗತಿಗಳನ್ನು ಅವರು ಒಬ್ಬರೇ ಕೂತು ಮತ್ತೆ ಕಂಡುಹಿಡಿದರು. ಅಂಥ ಬುದ್ಧಿಯ ಎಷ್ಟು ವರ್ಷ ಹೀಗೆ ಖರ್ಚಾಯಿತೋ ಯೋಚಿಸಿ. ಕೆಲಸ ಕೇಳಿಕೊಂಡು ಅವರು ಹೋದದ್ದು ಇದೇ ರಾಮಸ್ವಾಮಿ ಅಯ್ಯರರ ಹತ್ತಿರ. ಅಯ್ಯರರು ಆಗ ತಿರುಕ್ಕೋಯಿಲೂರಿನಲ್ಲಿದ್ದರು. ನೋಟ್‌ಬುಕ್ಕು ನೋಡಿ, ಈ ಹುಡುಗನನ್ನು ಕಂದಾಯ ಇಲಾಖೆಯ ಮೂಲೆಯಲ್ಲಿ ಕೂರಿಸಿದರೆ ತಪ್ಪಾಗುತ್ತದೆ ಎಂದು ಮದ್ರಾಸಿನ ಗೆಳೆಯರಿಗೆ ಪರಿಚಯಪತ್ರ ಕೊಟ್ಟು ಕಳಿಸಿದರು.

ಈ ಸಂಘದ್ದೇ ಒಂದು ಪತ್ರಿಕೆ 1909ರಲ್ಲಿ ಶುರುವಾಯಿತು. ಅದರ ಸಂಪಾದಕರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಎಂ. ಟಿ. ನಾರಾಯಣ ಅಯ್ಯಂಗಾರ್ಯರು. 1911ರಲ್ಲಿ ರಾಮಾನುಜನ್ನರ ಮೊದಲ ಲೇಖನ ಬಂದದ್ದು ಆ ಪತ್ರಿಕೆಯಲ್ಲಿ. ಬರಹ ಅರ್ಥವಾಗುವಂತಿಲ್ಲ, ತಿದ್ದಿ ಕಳಿಸಿ ಎಂದು ಸಂಪಾದಕರು ಒಂದಲ್ಲ ಎರಡಲ್ಲ, ಹಲವು ಸಲ ವಾಪಸು ಕಳಿಸಿದರಂತೆ. ಆದರೂ ಕೈಬಿಡಲಿಲ್ಲ. 1913ರಲ್ಲಿ ಮದ್ರಾಸು ವಿಶ್ವವಿದ್ಯಾಲಯ ರಾಮಾನುಜನ್ನರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಮರುವರ್ಷ ಅವರು ಕೇಂಬ್ರಿಜ್ಜಿಗೆ ಹೊರಟರು.

ಆ ಮದ್ರಾಸು ವಿಶ್ವವಿದ್ಯಾಲಯಕ್ಕೆ 1924ರಲ್ಲಿ ಒಬ್ಬ ಲೈಬ್ರರಿಯನ್ ಬಂದರು, ಎಸ್. ಆರ್. ರಂಗನಾಥನ್. ಅವರೂ ಗಣಿತದ ಮೇಷ್ಟರೇ. ಕಾಸರಗೋಡಿನ ಕೇಳುಗರು ಗಮನಿಸಬೇಕು: 1917ರಲ್ಲಿ ಅವರು ಮೊದಲು ಪಾಠ ಹೇಳಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ನಿಮ್ಮ ಕಾಸರಗೋಡು ಆಗ ಅದೇ ಜಿಲ್ಲೆಯ ತಾಲೂಕು. ಲೈಬ್ರರಿಯ ಕೆಲಸ ರಂಗನಾಥನ್ನರಿಗೆ ಮೊದಮೊದಲು ಬೇಜಾರಾಗಿ, ನನಗೆ ಪಾಠದ ಕೆಲಸವೇ ವಾಪಸು ಕೊಡಿ ಎಂದು ಕೇಳಿದ್ದರು. ಲಂಡನ್ನಿಗೆ ಹೋಗಿ ಅಲ್ಲಿನ ಲೈಬ್ರರಿಗಳನ್ನು ನೋಡಿ ಬಂದ ಮೇಲೆ ಆ ಮಾತು ಎತ್ತಲಿಲ್ಲ. ಪುಸ್ತಕ ಬೀರುವಿನಲ್ಲಿ ಭದ್ರವಾಗಿರಲು ಅಲ್ಲ, ಓದುಗನ ಕೈ ಸೇರಲು ಇರುವುದು. ಓದುಗನ ಹೊತ್ತು ಹಾಳುಮಾಡಬಾರದು. 1931ರಲ್ಲಿ ಅವರು ಬರೆದ ಐದು ಸೂತ್ರಗಳ ಗ್ರಂಥದ ಸಾರ ಇದು. ಜೀವಮಾನದ ಉಳಿತಾಯ ಒಂದು ಲಕ್ಷ ರೂಪಾಯಿಯನ್ನು ಅದೇ ವಿಶ್ವವಿದ್ಯಾಲಯಕ್ಕೆ ಲೈಬ್ರರಿ ಶಾಸ್ತ್ರದ ಪೀಠಕ್ಕಾಗಿ ಕೊಟ್ಟರು. ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಈ ವಿದ್ಯೆಯ ತರಬೇತಿ ಕೇಂದ್ರ ತೆರೆದರು, 1972ರಲ್ಲಿ ಅಲ್ಲೇ ತೀರಿಕೊಂಡರು.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ಒಂದು ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಶಾಖೆಯಲ್ಲಿ ನಾನು ಕೆಲವು ವರ್ಷ ಇದ್ದೆ. ವರ್ಷದ ಕೊನೆಯಲ್ಲಿ ಲೈಬ್ರರಿಯವರು ಪತ್ರಿಕೆಗಳ ಪಟ್ಟಿ ಹಿಡಿದುಕೊಂಡು ಬರುತ್ತಿದ್ದರು. ವಿದೇಶಿ ಪತ್ರಿಕೆಯ ಚಂದಾ ಜನವರಿಯಿಂದ ಡಿಸೆಂಬರಿಗೆ, ಹಣ ಮುಂಗಡ. ಡ್ರಾಫ್ಟಿನ ಅರ್ಜಿಗಳನ್ನು ಸರಿನೋಡಿ ಮುಖ್ಯ ಶಾಖೆಗೆ ಕಳಿಸುವುದು ನನ್ನ ಕೆಲಸ. ಮೆಲ್ಲನೆ ಅವರ ಕೆಲಸವೂ ನನಗೆ ತಿಳಿಯುತ್ತ ಬಂತು. ಒಂದೊಂದು ಪತ್ರಿಕೆಗೆ ಒಂದೊಂದು ಕಾರ್ಡು. ಸಂಚಿಕೆ ಬಂದರೆ ಗುರುತು ಹಾಕುವುದು, ಬಾರದಿದ್ದರೆ ಕಾಗದ ಬರೆದು ಕೇಳುವುದು, ವರ್ಷ ಮುಗಿದ ಮೇಲೆ ಎಲ್ಲ ಸೇರಿಸಿ ಬೈಂಡು ಮಾಡಿಸಿ ಕಪಾಟಿಗೆ ಏರಿಸುವುದು. ತಮ್ಮಲ್ಲಿ ಇಲ್ಲದ ಲೇಖನ ಬೇಕೆಂದರೆ ದೆಹಲಿಯ ಇನ್ಸ್‌ಡಾಕ್ ಸಂಸ್ಥೆಗೆ ಬರೆಯುತ್ತಿದ್ದರು. 1952ರಲ್ಲಿ ಹುಟ್ಟಿದ ಆ ಕೇಂದ್ರ ಎಲ್ಲಿಂದಾದರೂ ಹುಡುಕಿ ಪ್ರತಿ ತೆಗೆದು ಕಳಿಸುತ್ತಿತ್ತು. ಈಗ ಅದು ಆ ಹೆಸರಿನಲ್ಲಿ ಇಲ್ಲ, ಬೇರೆ ಸಂಸ್ಥೆಯಲ್ಲಿ ಸೇರಿಹೋಗಿದೆ.

1991ರ ಜುಲೈನಲ್ಲಿ ರೂಪಾಯಿ ಬೆಲೆ ಇಳಿಸಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಜೂನಿನಲ್ಲಿ ಡಾಲರಿಗೆ ಸುಮಾರು 21 ರೂಪಾಯಿ ಇದ್ದದ್ದು 26ರ ಹತ್ತಿರ ಬಂತು. ಆ ವರ್ಷ ಲೈಬ್ರರಿಯನ್ನರು ಕೌಂಟರಿನ ಮುಂದೆ ನಿಂತು, "ಒಂದು ಲಕ್ಷಕ್ಕೆ ಎಷ್ಟು ಡಾಲರ್ ಆಗುತ್ತೆ, ನೋಡಿ ಹೇಳ್ರೀ" ಎಂದರು. ಹಿಂದೆ ಸುಮಾರು 4,760 ಸಿಗುತ್ತಿತ್ತು, ಈಗ 3,850 ಎಂದೆ. ಅವರು ಏನೂ ಮಾತಾಡಲಿಲ್ಲ. ಜೇಬಿನಿಂದ ಪೆನ್ಸಿಲು ತೆಗೆದು ಅಲ್ಲೇ ನಿಂತು ಪಟ್ಟಿಯಲ್ಲಿ ಹೆಸರು ಹೊಡೆಯತೊಡಗಿದರು. ಒಂದು ಹೆಸರಿನ ಹತ್ತಿರ ಬಂದು ಬಹಳ ಹೊತ್ತು ನಿಂತರು. "ಇದನ್ನ ಓದೋನು ಒಬ್ಬನೇ ಹುಡುಗ. ಆದ್ರೆ ಅವನು ದಿನಾ ಬರ್ತಾನೆ" ಎಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಹಾಸಿಗೆಯನ್ನೇ ಕತ್ತರಿಸಿದರೆ ಏನು ಮಾಡಬೇಕು? ಆ ಹೆಸರನ್ನೂ ಹೊಡೆದರು.

1966ರ ಜೂನಿನಲ್ಲೂ ಹೀಗೇ ಆಗಿತ್ತು. ಡಾಲರು 4 ರೂಪಾಯಿ 76 ಪೈಸೆಯಿಂದ ಏಳೂವರೆಗೆ ಏರಿತ್ತು. ಅದರ ಮೇಲೆ ಪ್ರಕಾಶಕರು ವರ್ಷವರ್ಷವೂ ಬೆಲೆ ಏರಿಸುತ್ತಾರೆ. ಬರೆಯುವ ವಿದ್ವಾಂಸರಿಗೆ ಸಾಮಾನ್ಯವಾಗಿ ಸಂಭಾವನೆ ಇಲ್ಲ, ಪರೀಕ್ಷಿಸುವವರಿಗೂ ಇಲ್ಲ. ಕೊಳ್ಳುವಾಗ ಮಾತ್ರ ಲೈಬ್ರರಿ ಹಣ ಸುರಿಯಬೇಕು. ಅಮೆರಿಕದ ಸಿರಿವಂತ ಹಾರ್ವರ್ಡ್ ವಿಶ್ವವಿದ್ಯಾಲಯವೇ 2012ರಲ್ಲಿ, ಈ ಬೆಲೆ ನಮಗೆ ತಾಳದು ಎಂದು ತನ್ನ ಅಧ್ಯಾಪಕರಿಗೆ ಬರೆಯಿತು.

ಇದಕ್ಕೆ ಸಿಕ್ಕ ಪರಿಹಾರ ಗುತ್ತಿಯದೇ, ಒಟ್ಟಿಗೆ ಚಂದಾ ಕಟ್ಟುವುದು. ಕಂಪ್ಯೂಟರ್ ಬಂದ ಮೇಲೆ ವಿಶ್ವವಿದ್ಯಾಲಯಗಳು ಗುಂಪಾಗಿ ಚೌಕಾಸಿ ಮಾಡತೊಡಗಿದವು. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ 2004ರಿಂದ ಈ ಕೆಲಸ ನಡೆಸಿತು. 2024ರ ನವೆಂಬರ್ 25ರಂದು ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಒಂದೇ ಚಂದಾ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ಭಾಗಿಸಿ ನೋಡಿದೆ, ತಲೆಗೆ ವರ್ಷಕ್ಕೆ ಸುಮಾರು 1,100 ರೂಪಾಯಿ ಬೀಳುತ್ತದೆ. ಹಂಚಿ ಉಂಡರೆ ಹಸಿವಿಲ್ಲ ಎಂದ ಹಿರಿಯರ ಮಾತು ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ.

ನನ್ನ ತಂಗಿಯ ಮಗಳು ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಶೇಂಗಾದ ಎಲೆಚುಕ್ಕೆ ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ನಮ್ಮ ಹೊಲದಲ್ಲಿ ಪ್ರತಿವರ್ಷ ಕಾಣುವ ರೋಗ ಅದು. ಬೇರೆ ದೇಶದವರು ಅದರ ಬಗ್ಗೆ ಬರೆದದ್ದನ್ನು ರಾತ್ರಿ ಹಟ್ಟಿಯ ಕಟ್ಟೆಯ ಮೇಲೆ ಕೂತು ಫೋನಿನಲ್ಲೇ ಓದುತ್ತಾಳೆ. ಆದರೆ ಸಂಸ್ಥೆ ಬಿಟ್ಟ ದಿನ ಆ ಬಾಗಿಲು ಮುಚ್ಚುತ್ತದೆ. ಖಾಸಗಿ ಕಾಲೇಜಿನ ಹುಡುಗರಿಗೂ, ನಿಮಗೂ, ನನಗೂ ಈ ಯೋಜನೆಯಲ್ಲಿ ಸದ್ಯ ಪ್ರವೇಶವಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಹಿಂದೆ ಚಂದಾ ನಿಲ್ಲಿಸಿದರೂ ಬೈಂಡು ಮಾಡಿದ ಹಳೆಯ ಸಂಪುಟ ಕಪಾಟಿನಲ್ಲಿ ಉಳಿಯುತ್ತಿತ್ತು. ಈಗ ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳದಿದ್ದರೆ, ಹಣ ನಿಂತ ದಿನ ಹಳೆಯದೂ ಹೋದೀತು. ಕರಾರು ಓದದೆ ಸಹಿ ಹಾಕಬೇಡಿ ಎಂದು ಕೌಂಟರಿನಲ್ಲಿ ಕೂತು ಮೂವತ್ತು ವರ್ಷ ಹೇಳಿದವನು ನಾನು. ಇಲ್ಲೂ ಅದನ್ನೇ ಹೇಳುತ್ತೇನೆ.

ಕೊನೆಯದಾಗಿ ನಮ್ಮ ಮನೆಯ ಮಾತು. ಆ 6,000 ಕೋಟಿ ಹೋಗುವುದು ದೊಡ್ಡ ಪ್ರಕಾಶಕರ ಪತ್ರಿಕೆಗಳಿಗೆ. ನಮ್ಮ ಗಡಿಯೂರುಗಳ ಶಾಸನ, ಜಾನಪದ, ಭಾಷೆಯ ಬಗ್ಗೆ ಬರೆದದ್ದು ಎಲ್ಲಿದೆ? 'ಪ್ರಬುದ್ಧ ಕರ್ನಾಟಕ'ದಂಥ ಹಳೆಯ ಕನ್ನಡ ಪತ್ರಿಕೆಗಳಲ್ಲಿದೆ. ಅದೂ ಆರಂಭವಾದದ್ದು ಅದೇ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ. ನಿಮ್ಮ ಅಜ್ಜನೋ ಶಾಲೆಯ ಮೇಷ್ಟರೋ ಚಂದಾ ಕಟ್ಟಿ ತರಿಸಿದ ಸಂಚಿಕೆಗಳು ನಿಮ್ಮ ಅಟ್ಟದ ಮೇಲೆ ಇರಬಹುದು. ದಯವಿಟ್ಟು ತೂಕಕ್ಕೆ ಹಾಕಬೇಡಿ. ಕೆಳಗಿಳಿಸಿ ಧೂಳು ಕೊಡವಿ, ವರ್ಷ, ಸಂಚಿಕೆ ಎಂದು ಒಂದು ಹಾಳೆಯಲ್ಲಿ ಪಟ್ಟಿ ಬರೆದು ಹತ್ತಿರದ ಕಾಲೇಜಿನ ಲೈಬ್ರರಿಗೆ ತೋರಿಸಿ. ನಾನು ಹೋದ ಬೇಸಿಗೆಯಲ್ಲಿ ನಮ್ಮೂರಿನ ಮೂರು ಮನೆಗಳ ಪಟ್ಟಿ ಮಾಡಿದೆ. ಹೆಚ್ಚಿಗೆ ಖರ್ಚಾಗಲಿಲ್ಲ, ಒಂದು ನೋಟ್‌ಬುಕ್ಕು ಮತ್ತು ನಾಲ್ಕು ಮಧ್ಯಾಹ್ನ, ಅಷ್ಟೇ.